ಎದೆಯಲ್ಲಿ ಹಾಲು ಕಟ್ಟಿದೆಯೇ? ಹಿಸುಕಬೇಡಿ, ತಣ್ಣಗಾಗಿಸಿ

ಪ್ರಶ್ನೆ: ಮಗುವಿಗೆ ಎಂಟು ವಾರ. ತವರಿನಲ್ಲಿ ಬಾಣಂತನದಲ್ಲಿದ್ದೇನೆ. ಮೂರು ದಿನದಿಂದ ಬಲ ಎದೆಯ ಮೇಲ್ಭಾಗದಲ್ಲಿ, ಕಂಕುಳಿನ ಕಡೆಗೆ, ನೆಲ್ಲಿಕಾಯಿ ಗಾತ್ರದ ಗಂಟು. ಮುಟ್ಟಿದರೆ ನೋವು. ಮೈ ಬಿಸಿ 99.2 ಡಿಗ್ರಿ. ಹಾಲು ಕಟ್ಟಿದೆ ಎಂದು ಅಮ್ಮ ಬಿಸಿ ಎಣ್ಣೆ ಹಚ್ಚಿ ಗಟ್ಟಿಯಾಗಿ ಒತ್ತುತ್ತಾರೆ, ಆಮೇಲೆ ಬಿಸಿನೀರಿನ ಶಾಖ. ಒತ್ತಿದಾಗ ಜೀವ ಹೋಗುತ್ತದೆ, ಗಂಟು ಮಾತ್ರ ದೊಡ್ಡದಾಗುತ್ತಿದೆ. ತೊಟ್ಟಿನ ತುದಿಯಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ ಇದೆ, ಸೂಜಿಯಿಂದ ಚುಚ್ಚಿದರೆ ಹಾಲು ಬಿಡುತ್ತದೆ ಎನ್ನುತ್ತಾರೆ. ಮುಂದಿನ ತಿಂಗಳು ಕೆಲಸಕ್ಕೆ ಮರಳಬೇಕು, ಅದಕ್ಕಾಗಿ ದಿನಕ್ಕೆ ಮೂರು ಸಲ ಪಂಪ್ ಮಾಡಿ ಒಟ್ಟು 300 ಮಿಲಿಯಷ್ಟು ಫ್ರೀಜರಿನಲ್ಲಿ ಇಡುತ್ತಿದ್ದೇನೆ. ಆ ಕಡೆ ಹಾಲು ಕೊಡುವುದನ್ನು ನಿಲ್ಲಿಸಲೇ? ಅಥವಾ ಪಂಪ್ ಮಾಡಿ ಪೂರ್ತಿ ಖಾಲಿ ಮಾಡಲೇ?

ಉತ್ತರ: ಒತ್ತುವುದನ್ನು ಇವತ್ತೇ ನಿಲ್ಲಿಸಿ. ಚುಚ್ಚಬೇಡಿ. ಹಾಲು ಕೊಡುವುದನ್ನು ನಿಲ್ಲಿಸಬೇಡಿ, ಪಂಪ್ ಹಾಕಿ ಖಾಲಿ ಮಾಡಲೂ ಹೋಗಬೇಡಿ. ಈ ನಾಲ್ಕು ಮಾತಿಗೂ ಒಂದೇ ಕಾರಣವಿದೆ. ಅದು ತಿಳಿದರೆ ಅಮ್ಮನಿಗೆ ವಿವರಿಸಿ ಹೇಳುವುದೂ ನಿಮಗೆ ಸುಲಭ.

"ಹಾಲು ಕಟ್ಟಿದೆ" ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಕಸ ಸಿಕ್ಕಿಕೊಂಡ ನಲ್ಲಿ. ಒಳಗೆ ಗರಣೆ ಕಟ್ಟಿದ ಹಾಲಿದೆ, ಒತ್ತಿದರೆ ಹೊರಗೆ ಬರುತ್ತದೆ ಎಂದುಕೊಳ್ಳುತ್ತೇವೆ. ಎದೆಯ ಒಳಗಿನ ರಚನೆ ಹಾಗಿಲ್ಲ. ಹಾಲಿನ ನಾಳಗಳು ಕೂದಲೆಳೆಯಂತೆ ಸಣ್ಣವು, ಮರದ ಬೇರಿನಂತೆ ಕವಲೊಡೆದು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಅವುಗಳ ಸುತ್ತ ರಕ್ತನಾಳ, ಕೊಬ್ಬು, ಊತದ ನೀರನ್ನು ಹೊತ್ತೊಯ್ಯುವ ದುಗ್ಧರಸದ (ಲಿಂಫ್) ನಾಳಗಳು ಇರುತ್ತವೆ. ಹಾಲು ಹೆಚ್ಚಾಗಿ ತುಂಬಿದಾಗ ಅಥವಾ ಹೊರಗಿನಿಂದ ಒತ್ತಡ ಬಿದ್ದಾಗ ಈ ಸುತ್ತಲಿನ ಅಂಗಾಂಶ ಊದಿಕೊಳ್ಳುತ್ತದೆ. ಊತ ನಾಳಗಳನ್ನು ಹೊರಗಿನಿಂದ ಅಮುಕುತ್ತದೆ, ಅವು ಕಿರಿದಾಗುತ್ತವೆ, ಆ ಭಾಗದ ಹಾಲು ಸಲೀಸಾಗಿ ಇಳಿಯುವುದಿಲ್ಲ. ನಿಮ್ಮ ಬೆರಳಿಗೆ ಸಿಗುತ್ತಿರುವ ಗಂಟಿನಲ್ಲಿ ಹಾಲಿಗಿಂತ ಬಾವಿನದೇ ಪಾಲು ಹೆಚ್ಚು. ಉಳುಕಿದ ಕಾಲಿನ ಗಂಟು ಊದಿಕೊಂಡಾಗ ಅದನ್ನು ಹಿಸುಕಿ ನೀರು ತೆಗೆಯಲು ಯಾರೂ ಹೋಗುವುದಿಲ್ಲವಲ್ಲ? ಇದೂ ಹಾಗೆಯೇ. ಗಟ್ಟಿಯಾಗಿ ಒತ್ತಿದರೆ ಸೂಕ್ಷ್ಮ ರಕ್ತನಾಳಗಳು ಒಡೆಯುತ್ತವೆ, ಅಂಗಾಂಶ ಜಜ್ಜಿಹೋಗುತ್ತದೆ, ಊತ ಹೆಚ್ಚುತ್ತದೆ, ನಾಳ ಇನ್ನಷ್ಟು ಕಿರಿದಾಗುತ್ತದೆ. ಮೂರು ದಿನದ ಒತ್ತುವಿಕೆಯ ನಂತರ ಗಂಟು ದೊಡ್ಡದಾಗಿರುವುದಕ್ಕೆ ಇದೇ ಕಾರಣವಿರಬೇಕು.

ಅಮ್ಮನನ್ನು ದೂರಬೇಡಿ. ಶಾಖ ಕೊಡಿ, ಗಟ್ಟಿಯಾಗಿ ನೀವಿ, ಆ ಎದೆಯನ್ನು ಪದೇಪದೇ ಖಾಲಿ ಮಾಡಿ ಎಂದು ವೈದ್ಯರೂ ನರ್ಸುಗಳೂ ದಶಕಗಳ ಕಾಲ ಹೇಳಿದ್ದಾರೆ, ಈಗಲೂ ಹೇಳುವವರಿದ್ದಾರೆ. ಎದೆಹಾಲಿನ ವೈದ್ಯಕೀಯಕ್ಕೇ ಮೀಸಲಾದ ಅಂತರರಾಷ್ಟ್ರೀಯ ವೈದ್ಯರ ಸಂಸ್ಥೆ, ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್, 2022ರಲ್ಲಿ ತನ್ನ ಮಾರ್ಗಸೂಚಿ ಬದಲಿಸಿ ಈ ಸಲಹೆಗಳನ್ನು ಕೈಬಿಟ್ಟಿತು. ಹಾಗಾಗಿ ಇಬ್ಬರು ವೈದ್ಯರು ಎರಡು ರೀತಿ ಹೇಳಿದರೆ ಗಾಬರಿಯಾಗಬೇಡಿ, ಒಬ್ಬರು ಹಳೆಯ ಪಾಠ ಹೇಳುತ್ತಿರಬಹುದು.

ಈಗ ಮಾಡಬೇಕಾದದ್ದು. ಮೊದಲನೆಯದು ತಂಪು. ಐಸ್ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೇಲೆ ತೆಳುವಾದ ಹತ್ತಿ ಬಟ್ಟೆ ಸುತ್ತಿ, ಗಂಟಿನ ಮೇಲೆ 10ರಿಂದ 15 ನಿಮಿಷ ಇಡಿ. ಫ್ರೀಜರಿನ ಬಟಾಣಿ ಪೊಟ್ಟಣ ಇನ್ನೂ ಅನುಕೂಲ, ಎದೆಯ ಆಕಾರಕ್ಕೆ ಬಾಗುತ್ತದೆ. ಮೊದಲ ಎರಡು ದಿನ ಗಂಟೆಗೊಮ್ಮೆ ಇಟ್ಟರೂ ತೊಂದರೆಯಿಲ್ಲ. ಐಸನ್ನು ನೇರವಾಗಿ ಚರ್ಮಕ್ಕೆ ತಾಗಿಸಬೇಡಿ, ತೊಟ್ಟಿನ ಮೇಲೂ ಇಡಬೇಡಿ. ತೊಳೆದು ಫ್ರಿಜ್ಜಿನಲ್ಲಿ ತಣಿಸಿದ ಎಲೆಕೋಸಿನ ಎಲೆಯನ್ನೂ ಬ್ರಾ ಒಳಗೆ 20 ನಿಮಿಷ ಇಟ್ಟುಕೊಳ್ಳಬಹುದು, ಹಿತವಾಗಿರುತ್ತದೆ.

"ಬಾಣಂತಿಗೆ ತಣ್ಣಗಿನದೇ? ಶೀತವಾಗುತ್ತದೆ, ಮಗುವಿಗೂ ನೆಗಡಿ ಬರುತ್ತದೆ" ಎಂಬ ಮಾತು ಖಂಡಿತ ಬರುತ್ತದೆ. ಚರ್ಮದ ಮೇಲಿಟ್ಟ ತಂಪು ಹಾಲಿಗೆ ಇಳಿಯುವುದಿಲ್ಲ, ಮಗುವಿನ ಬಾಯಿಗೆ ಬರುವ ಹಾಲು ಯಾವಾಗಲೂ ನಿಮ್ಮ ಮೈಯ ಬಿಸಿಯಲ್ಲೇ ಇರುತ್ತದೆ. ನೆಗಡಿ ಬರುವುದು ವೈರಾಣುವಿನಿಂದ. ಬಿಸಿನೀರಿನ ಸ್ನಾನ, ಕಿವಿಗೆ ಬಟ್ಟೆ, ಸಾಂಬ್ರಾಣಿ ಹೊಗೆ ಇವೆಲ್ಲ ಇರಲಿ, ಅವಕ್ಕೂ ಐಸಿಗೂ ಜಗಳವಿಲ್ಲ. ನೀರು ಹಾಕುವವರಿಗೆ ಮಾತ್ರ ಬೆನ್ನು, ಸೊಂಟ, ಕಾಲು ಎಷ್ಟು ಬೇಕಾದರೂ ತಿಕ್ಕಿ, ಎದೆಯ ಮೇಲೆ ಕೈ ಹಾಕಬೇಡಿ, ಕಾದ ನೀರನ್ನು ನೇರ ಎದೆಗೆ ಹುಯ್ಯಬೇಡಿ ಎಂದು ಹೇಳಿಬಿಡಿ. ಬಿಸಿ ರಕ್ತದ ಹರಿವನ್ನು ಹೆಚ್ಚಿಸುತ್ತದೆ, ಅದರಿಂದ ಊತವೂ ಹೆಚ್ಚಬಹುದು. ಹಾಲೂಡಿಸುವ ಮುನ್ನ ಒಂದೆರಡು ನಿಮಿಷ ಉಗುರುಬೆಚ್ಚಗಿನ ಬಟ್ಟೆ ಇಟ್ಟರೆ ಹಾಲು ಇಳಿಯುವುದು ಸುಲಭವೆನಿಸಿದರೆ ಇಡಿ. ಅಷ್ಟಕ್ಕೇ ಸಾಕು.

ಎರಡನೆಯದು ಬಾವಿಳಿಸುವ ಮಾತ್ರೆ. ಐಬುಪ್ರೊಫೇನ್ 400 ಮಿಲಿಗ್ರಾಂ, ಊಟವಾದ ಮೇಲೆ, 8 ಗಂಟೆಗೊಂದು, ಎರಡು ಮೂರು ದಿನ. ಇದು ನೋವನ್ನೂ ಊತವನ್ನೂ ಇಳಿಸುತ್ತದೆ. ಹಾಲಿಗೆ ಸೇರುವ ಪ್ರಮಾಣ ತೀರಾ ಅಲ್ಪ, ಹಾಲೂಡಿಸುವ ತಾಯಂದಿರಿಗೆ ಸಾಮಾನ್ಯವಾಗಿ ಕೊಡುವ ಔಷಧಿಯೇ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ನೋವಿನ ಮಾತ್ರೆಯಿಂದ ಕೆರಳುವ ಆಸ್ತಮಾ ಇದ್ದವರು, ಹೆರಿಗೆ ವೇಳೆ ರಕ್ತದೊತ್ತಡ ಏರಿದ್ದವರು ವೈದ್ಯರನ್ನು ಕೇಳದೆ ನುಂಗಬಾರದು. ಮಳೆಗಾಲದಲ್ಲಿ ಊರಲ್ಲಿ ಡೆಂಗಿ ಇದ್ದು ನಿಮಗೂ ಜ್ವರ ಬಂದರೆ ಐಬುಪ್ರೊಫೇನ್ ಬೇಡ, ರಕ್ತಸ್ರಾವದ ಅಪಾಯವಿದೆ. ಅಂಥವರಿಗೆ ಪ್ಯಾರಸಿಟಮಾಲ್ 500 ಅಥವಾ 650 ಮಿಲಿಗ್ರಾಂ, 6 ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಮಾತ್ರೆ ಮೀರದಂತೆ. ಅದು ನೋವು, ಜ್ವರ ಇಳಿಸುತ್ತದೆ, ಬಾವಿನ ಮೇಲೆ ಅಷ್ಟು ಕೆಲಸ ಮಾಡುವುದಿಲ್ಲ.

ಮೂರನೆಯದು ಕೈಯ ಕೆಲಸ. ಅಮ್ಮನಿಗೆ ಏನಾದರೂ ಮಾಡಲೇಬೇಕು ಎನಿಸಿದರೆ ಇದನ್ನು ಮಾಡಲಿ, ಆದರೆ ಮಗುವಿನ ಕೆನ್ನೆ ಸವರುವಷ್ಟೇ ಭಾರದಲ್ಲಿ. ನೀವು ಅಂಗಾತ ಮಲಗಿ. ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಬೆರಳತುದಿಯಿಂದ ಹತ್ತು ಸಲ ಸಣ್ಣ ವೃತ್ತ, ಆಮೇಲೆ ಕಂಕುಳಲ್ಲಿ ಹತ್ತು ಸಲ. ನಂತರ ತೊಟ್ಟಿನ ಕಡೆಯಿಂದ ಕಂಕುಳಿನತ್ತ, ಮತ್ತೆ ತೊಟ್ಟಿನಿಂದ ಕೊರಳೆಲುಬಿನತ್ತ, ಚರ್ಮವಷ್ಟೇ ಸರಿಯುವ ಹಾಗೆ ಹಗುರವಾಗಿ ಸವರುವುದು. ದಿಕ್ಕು ಗಮನಿಸಿ: ಹಾಲು ಇಳಿಸಲು ತೊಟ್ಟಿನ ಕಡೆ ಒತ್ತುವುದಲ್ಲ, ಅದಕ್ಕೆ ಪೂರ್ತಿ ವಿರುದ್ಧ. ಊತದ ನೀರನ್ನು ದುಗ್ಧರಸದ ನಾಳಗಳು ಹೊತ್ತು ಸಾಗುವ ದಾರಿ ಕಂಕುಳು ಮತ್ತು ಕೊರಳಿನ ಕಡೆಗಿದೆ. ಹೆಸರಿನಲ್ಲಿ "ದುಗ್ಧ" ಇದ್ದರೂ ದುಗ್ಧರಸಕ್ಕೂ ಹಾಲಿಗೂ ಸಂಬಂಧವಿಲ್ಲ. ಈ ನಾಳಗಳು ಚರ್ಮದ ಕೆಳಗೇ ಇರುವುದರಿಂದ ಭಾರ ಹಾಕಿದರೆ ಮುಚ್ಚಿಕೊಳ್ಳುತ್ತವೆ. ನೋವಾದರೆ ಹೆಚ್ಚಾಯಿತು ಎಂದರ್ಥ. ಬಾಚಣಿಗೆಯಿಂದ ಬಾಚುವುದು, ಕಂಪಿಸುವ ಹಲ್ಲುಜ್ಜುವ ಬ್ರಷ್ ಹಿಡಿಯುವುದು, ಬಿಸಿ ಬಾಟಲಿ ಕವಿಚಿ ಹಾಲು ಎಳೆಯುವುದು, ಇವು ಯಾವುವೂ ಬೇಡ.

ಇನ್ನು ಹಾಲೂಡಿಸುವುದು. ಮಗು ಕೇಳಿದಾಗ, ಎಂದಿನಂತೆ, ಎರಡೂ ಕಡೆ. ಈ ವಯಸ್ಸಿಗೆ 24 ಗಂಟೆಯಲ್ಲಿ 8ರಿಂದ 12 ಸಲ ಸಹಜ. ನೋವಿರುವ ಎದೆಯಿಂದಲೇ ಪ್ರತಿ ಸಲ ಶುರು ಮಾಡಬೇಕಿಲ್ಲ, ಆ ಕಡೆ ಹೆಚ್ಚು ಸಲ ಕೊಡಬೇಕಾಗಿಯೂ ಇಲ್ಲ. ಎದೆ ತನ್ನ ಉತ್ಪಾದನೆಯನ್ನು ತಾನೇ ಅಳೆದುಕೊಳ್ಳುತ್ತದೆ. ಒಳಗೆ ಹಾಲು ಸ್ವಲ್ಪ ಉಳಿದರೆ ಆ ಎದೆ ನಿಧಾನಿಸುತ್ತದೆ, ಪೂರ್ತಿ ಬರಿದು ಮಾಡಿದರೆ ಬೇಡಿಕೆ ಹೆಚ್ಚಿದೆ ಎಂದುಕೊಂಡು ಇನ್ನಷ್ಟು ತಯಾರಿಸುತ್ತದೆ. ಊದಿದ ಜಾಗಕ್ಕೆ ಮತ್ತಷ್ಟು ಹಾಲು ಬಂದು ತುಂಬುವುದು ಈಗ ನಿಮಗೆ ಬೇಕಾದದ್ದಲ್ಲ. ಹಾಗೆಂದು ಆ ಕಡೆ ಒಮ್ಮೆಲೇ ನಿಲ್ಲಿಸಿದರೆ ಎದೆ ಕಲ್ಲಾಗುತ್ತದೆ, ಸೋಂಕಿಗೆ ದಾರಿಯಾಗುತ್ತದೆ. ನಮ್ಮಲ್ಲಿ ಎದೆಗೆ ಮಲ್ಲಿಗೆ ಹೂವು ಕಟ್ಟುವ ರೂಢಿಯೊಂದಿದೆ. ಅದು ಹಾಲು ಬತ್ತಿಸಬೇಕೆಂದವರು ಮಾಡುವುದು, ನಿಮಗೆ ಬೇಡ.

ಆ ಕಡೆಯ ಹಾಲು ಕೆಲವು ದಿನ ಸ್ವಲ್ಪ ಉಪ್ಪುಪ್ಪಾಗಬಹುದು. ಬಾವಿನಿಂದ ಕೋಶಗಳ ನಡುವಿನ ಬಿಗಿ ಸಡಿಲವಾಗಿ ಹಾಲಿಗೆ ಸೋಡಿಯಂ ಸೋರುತ್ತದೆ. ಮಗು ಮುಖ ತಿರುಗಿಸಿದರೆ ಹೆದರಬೇಡಿ, ಅರೆನಿದ್ದೆಯಲ್ಲಿರುವಾಗ ಕೊಟ್ಟು ನೋಡಿ. ಅಲ್ಲಿ ಹಾಲೇ ಕಡಿಮೆಯಾದಂತೆ ಅನಿಸಬಹುದು, ಬಾವು ಇಳಿದ ಮೇಲೆ ಸರಿಹೋಗುತ್ತದೆ. ಹಾಲಿನಲ್ಲಿ ಬಿಳಿ ಎಳೆ, ಮರಳಿನಂಥ ಕಾಳು, ತುಸು ಕೆಂಪು ಕಂಡರೂ ಮಗುವಿಗೆ ಹಾನಿಯಿಲ್ಲ.

ಮಗು ಎದೆ ಹಿಡಿಯುವ ರೀತಿ ಸರಿಯಿದೆಯೇ ನೋಡಿಕೊಳ್ಳಿ. ಬಾಯಿ ಆಕಳಿಸುವಷ್ಟು ಅಗಲ ತೆರೆದಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ಗಲ್ಲ ಎದೆಗೆ ಒತ್ತಿರಬೇಕು, ತೊಟ್ಟಿನ ಸುತ್ತಲ ಕಪ್ಪು ಭಾಗ ಮೇಲ್ತುಟಿಯ ಮೇಲೆ ಹೆಚ್ಚು, ಕೆಳಗೆ ಕಡಿಮೆ ಕಾಣಬೇಕು. ಕುಡಿದು ಬಿಟ್ಟಾಗ ತೊಟ್ಟು ದುಂಡಗೆ ಇದ್ದರೆ ಸರಿ. ಹೊಸ ಲಿಪ್‌ಸ್ಟಿಕ್ ತುದಿಯ ಹಾಗೆ ಓರೆಯಾಗಿ ಚಪ್ಪಟೆಯಾಗಿದ್ದರೆ ಮಗು ತುದಿಯನ್ನಷ್ಟೇ ಚೀಪುತ್ತಿದೆ. ಮಗುವಿನ ಗಲ್ಲವನ್ನು ಗಂಟಿನ ಕಡೆಗೇ ತಿರುಗಿಸಬೇಕು, ಮಗುವಿನ ಮೇಲೆ ಬಾಗಿ ಕೊಡಬೇಕು ಎಂಬ ಸಲಹೆಗಳು ನಿಮ್ಮ ಕಿವಿಗೆ ಬಿದ್ದಿರಬಹುದು. ಅವು ಅನಗತ್ಯ, ಬೆನ್ನು ನೋವಷ್ಟೇ ಲಾಭ.

ಬಿಳಿ ಚುಕ್ಕೆಯ ವಿಷಯ. ಅದು ಒಳಗಿನ ಬಾವು ತೊಟ್ಟಿನ ಬಾಯಿಯಲ್ಲಿ ತೋರಿಕೊಂಡಿರುವ ಗುರುತು. ಸೂಜಿಯಿಂದ ಚುಚ್ಚಿದರೆ ಆ ಕ್ಷಣಕ್ಕೆ ಹಾಲು ಚಿಮ್ಮಬಹುದು, ಆದರೆ ಗಾಯ ಮಾಯುವಾಗ ಅದೇ ರಂಧ್ರ ಇನ್ನಷ್ಟು ಬಿಗಿಯಾಗುತ್ತದೆ, ಜೊತೆಗೆ ಚರ್ಮದ ಬ್ಯಾಕ್ಟೀರಿಯಾಕ್ಕೆ ಬಾಗಿಲು ತೆರೆದಂತೆ. ಉಗುರಿನಿಂದ ಕೆರೆಯುವುದೂ ಇದೇ ಲೆಕ್ಕ. ಊತ ಇಳಿದಂತೆ ಬಹಳಷ್ಟು ಚುಕ್ಕೆಗಳು ತಾವೇ ಮಾಯವಾಗುತ್ತವೆ. ಉಳಿದು ನೋಯಿಸಿದರೆ ವೈದ್ಯರು ಮಧ್ಯಮ ಶಕ್ತಿಯ ಸ್ಟೀರಾಯ್ಡ್ ಮುಲಾಮು, ಉದಾಹರಣೆಗೆ ಟ್ರಯಾಮ್ಸಿನೊಲೋನ್ 0.1 ಶೇಕಡ, ಕೆಲವು ದಿನಗಳಿಗೆ ಬರೆದುಕೊಡಬಹುದು. ಹಾಲು ಕೊಟ್ಟ ಮೇಲೆ ತೆಳುವಾಗಿ ಹಚ್ಚಿ, ಮುಂದಿನ ಸಲ ಕೊಡುವ ಮುನ್ನ ಒರೆಸುವುದು. ಔಷಧಿ ಅಂಗಡಿಯಲ್ಲಿ ಕೇಳಿ ತಂದು ಹಚ್ಚುವ ಮುಲಾಮು ಇದಲ್ಲ.

ಲೆಸಿಥಿನ್ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಸೂರ್ಯಕಾಂತಿ ಅಥವಾ ಸೋಯಾದಿಂದ ತೆಗೆದ ಈ ಕೊಬ್ಬಿನ ಪದಾರ್ಥವನ್ನು ದಿನಕ್ಕೆ 5ರಿಂದ 10 ಗ್ರಾಂ ಕೊಡುವುದುಂಟು. ಪುರಾವೆ ದುರ್ಬಲ. ಮತ್ತೆ ಮತ್ತೆ ಗಂಟು ಬರುವವರು ಪ್ರಯತ್ನಿಸಬಹುದು, ಮೊದಲ ಸಲಕ್ಕೆ ದುಡ್ಡು ಹಾಕಬೇಕಿಲ್ಲ.

ಇದೆಲ್ಲ ಮಾಡಿದರೆ 24ರಿಂದ 48 ಗಂಟೆಯೊಳಗೆ ನೋವು ಇಳಿಯುವುದು ಗೊತ್ತಾಗಬೇಕು. ಗಂಟು ಪೂರ್ತಿ ಕರಗಲು ಇನ್ನೂ ಕೆಲವು ದಿನ ಹಿಡಿಯಬಹುದು. ಇಳಿಮುಖವಾಗಿದ್ದರೆ ಸಾಕು, ಪದೇಪದೇ ಒತ್ತಿ ಪರೀಕ್ಷಿಸಬೇಡಿ.

ಯಾವಾಗ ಆಸ್ಪತ್ರೆಗೆ? ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್, ಅಥವಾ ಹೆಚ್ಚು ಬಂದು ಚಳಿ, ಮೈಕೈ ನೋವು ಶುರುವಾದರೆ. ಎದೆಯ ಬಿಸಿ, ಗಟ್ಟಿತನ ಹರಡುತ್ತಿದ್ದರೆ. ಪುಸ್ತಕಗಳೆಲ್ಲ "ಎದೆ ಕೆಂಪಾಗುತ್ತದೆ" ಎಂದು ಬರೆಯುತ್ತವೆ, ಆದರೆ ನಮ್ಮ ಎಣ್ಣೆಗೆಂಪು, ಕಪ್ಪು ಮೈಬಣ್ಣದಲ್ಲಿ ಕೆಂಪು ಸುಲಭಕ್ಕೆ ಕಾಣುವುದಿಲ್ಲ. ಆ ಜಾಗ ಸುತ್ತಲಿಗಿಂತ ಹೆಚ್ಚು ಕಪ್ಪಾಗಿ ಅಥವಾ ನೇರಳೆ ಛಾಯೆಯಲ್ಲಿ ಕಾಣಬಹುದು, ಚರ್ಮ ಬಿಗಿದು ಹೊಳೆಯಬಹುದು. ಕೆಂಪಿಲ್ಲವಲ್ಲ ಎಂದು ಕಾಯುತ್ತಾ ಕೂರಬೇಡಿ, ಕೈಹಿಂಭಾಗ ಇಟ್ಟು ಎರಡೂ ಎದೆಯ ಬಿಸಿ ಹೋಲಿಸಿ. ಈಗ ನಿಮಗಿರುವ 99.2 ಬಾವಿನಿಂದಲೇ ಬರಬಹುದು. ಐಬುಪ್ರೊಫೇನ್, ಪ್ಯಾರಸಿಟಮಾಲ್ ಜ್ವರವನ್ನು ಮರೆಮಾಚುತ್ತವೆ, ಹಾಗಾಗಿ ಮುಂದಿನ ಮಾತ್ರೆಗೆ ಮೊದಲು ಅಳೆಯಿರಿ. 24 ಗಂಟೆಯ ಆರೈಕೆಯಲ್ಲೂ ಜ್ವರ ಇಳಿಯದಿದ್ದರೆ ಬ್ಯಾಕ್ಟೀರಿಯಾ ಸೋಂಕಿನ ಸಾಧ್ಯತೆ ಹೆಚ್ಚು. ಆಗ ಸಾಮಾನ್ಯವಾಗಿ ಕ್ಲಾಕ್ಸಾಸಿಲಿನ್ ಗುಂಪಿನ ಔಷಧಿ ಅಥವಾ ಸೆಫಲೆಕ್ಸಿನ್ 500 ಮಿಲಿಗ್ರಾಂ ದಿನಕ್ಕೆ ನಾಲ್ಕು ಸಲ, 10ರಿಂದ 14 ದಿನ ಕೊಡುತ್ತಾರೆ. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದು. ಮನೆಯಲ್ಲಿ ಉಳಿದಿದ್ದ ಯಾವುದೋ ಆ್ಯಂಟಿಬಯೋಟಿಕ್ ನುಂಗಬೇಡಿ, ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ. ತಲೆ ಸುತ್ತಿ, ಎದೆ ಬಡಿತ ಏರಿ, ಉಸಿರು ವೇಗವಾಗಿ, ಮಾತು ತೊದಲಿದರೆ ಬೆಳಗಾಗುವವರೆಗೆ ಕಾಯುವುದಲ್ಲ, 108ಕ್ಕೆ ಕರೆ ಮಾಡಿ.

ಗಂಟಿನ ನಡುವೆ ನೀರು ತುಂಬಿದ ಚೀಲದಂತೆ ಮೆತ್ತಗಾದರೆ ಕೀವು ತುಂಬಿರಬಹುದು. ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯಿಂದ ಎಳೆದು ತೆಗೆಯುತ್ತಾರೆ, ಎಲ್ಲರಿಗೂ ಕೊಯ್ಯಬೇಕಿಲ್ಲ, ಹಾಲು ನಿಲ್ಲಿಸಬೇಕಾಗಿಯೂ ಇಲ್ಲ. ಎರಡು ವಾರವಾದರೂ ಕರಗದ ಗಂಟಿಗೆ, ಅದೇ ಜಾಗದಲ್ಲಿ ಮರಳಿ ಮರಳಿ ಬರುವ ಗಂಟಿಗೆ, ನೋವಿಲ್ಲದಿದ್ದರೂ ಅಲ್ಟ್ರಾಸೌಂಡ್ ಮಾಡಿಸಲೇಬೇಕು. ಹಾಲೂಡಿಸುವ ದಿನಗಳಲ್ಲೂ ಅಪರೂಪಕ್ಕೆ ಸ್ತನ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ, "ಹಾಲಿನ ಗಂಟು" ಎಂದು ತಿಂಗಳುಗಟ್ಟಲೆ ಬಿಟ್ಟು ತಡವಾಗುವುದು ಅಲ್ಲೇ.

ಇನ್ನು ಇದು ಬಂದದ್ದೇಕೆ ಎನ್ನುವುದು. ನಿಮ್ಮ ಪತ್ರದಲ್ಲೇ ಉತ್ತರವಿದೆ ಎಂದು ನನಗನಿಸುತ್ತದೆ. ಎದೆಹಾಲನ್ನಷ್ಟೇ ಕುಡಿಯುವ ಈ ವಯಸ್ಸಿನ ಮಗು ದಿನಕ್ಕೆ ಸುಮಾರು 750ರಿಂದ 800 ಮಿಲಿ ಕುಡಿಯುತ್ತದೆ. ನೀವು ಅದರ ಮೇಲೆ 300 ಮಿಲಿ ತೆಗೆಯುತ್ತಿದ್ದೀರಿ. ಮನೆಯಲ್ಲಿ ಒಂದೂಕಾಲಿಗಿಂತ ಹೆಚ್ಚು ಮಗು ಇದೆ ಎಂದು ನಿಮ್ಮ ಎದೆ ತಿಳಿದಿದೆ. ಒಂದು ರಾತ್ರಿ ಮಗು ನಾಲ್ಕು ಗಂಟೆ ಹೆಚ್ಚಿಗೆ ಮಲಗಿದರೆ, ಒಂದು ಪಂಪ್ ತಪ್ಪಿದರೆ, ತುಂಬಿ ಊದುವುದು ಸಹಜ. ಇದರ ಮೇಲೆ ಬಾಣಂತನದ ಸಬ್ಬಸಿಗೆ, ಮೆಂತ್ಯ, ಶತಾವರಿ ಪುಡಿಯೂ ನಡೆದಿರಬಹುದು. ಊಟದ ಸೊಪ್ಪಿನಿಂದ ತೊಂದರೆಯಿಲ್ಲ, ಹಾಲು ಹೆಚ್ಚಿಸಲೆಂದೇ ಕೊಡುವ ಪುಡಿ, ಕಷಾಯಗಳನ್ನು ಸದ್ಯಕ್ಕೆ ಬಿಡಿ. ನೀರನ್ನು ಮಾತ್ರ ಬಾಯಾರಿದಷ್ಟು ಕುಡಿಯಿರಿ, ಬಾಣಂತಿಗೆ ನೀರು ಕಡಿಮೆ ಎಂಬ ಕಟ್ಟುಪಾಡು ಯಾವ ರೀತಿಯಲ್ಲೂ ಸಹಾಯ ಮಾಡುವುದಿಲ್ಲ. ಹೊರಗಿನ ಒತ್ತಡವನ್ನೂ ನೋಡಿ: ಗರ್ಭಿಣಿಯಾಗುವ ಮುಂಚಿನ ಅಳತೆಯ ಬಿಗಿ ರವಿಕೆ, ತಂತಿಯಿರುವ ಬ್ರಾ, ಹಾಲೂಡಿಸುವಾಗ ಕಂಕುಳಿನವರೆಗೆ ಮೇಲೆ ಸುರುಳಿ ಸುತ್ತಿಟ್ಟ ಬಟ್ಟೆ, ಬಲಮಗ್ಗುಲಲ್ಲೇ ರಾತ್ರಿಯಿಡೀ ಮಲಗುವುದು. ನಿಮ್ಮ ಗಂಟಿರುವ ಜಾಗದಲ್ಲಿ ರವಿಕೆಯ ತೋಳಿನ ಹೊಲಿಗೆ ಒತ್ತುತ್ತದೆಯೇ ಎಂದು ಕನ್ನಡಿಯ ಮುಂದೆ ಒಮ್ಮೆ ನೋಡಿ. ಎದೆಯನ್ನು ಎತ್ತಿ ಹಿಡಿಯುವ, ಒತ್ತದ ಬ್ರಾ ಸಾಕು.

ಪಂಪನ್ನು ಒಮ್ಮೆಗೇ ಬಿಡಬೇಡಿ. ಮೂರರಲ್ಲಿ ಒಂದನ್ನು ಆರಿಸಿ, ದಿನಕ್ಕೆ ಎರಡೆರಡು ನಿಮಿಷ ಕಡಿತ ಮಾಡುತ್ತಾ ನಿಧಾನವಾಗಿ ನಿಲ್ಲಿಸಿ, ಆಮೇಲೆ ಎರಡನೆಯದು. ನಡುವೆ ಎದೆ ಬಿಗಿದರೆ ಕೈಯಿಂದಲೇ ನೋವು ತಗ್ಗುವಷ್ಟು ತೆಗೆಯಿರಿ: ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ ಇಟ್ಟು, ಮೊದಲು ಎದೆಗೂಡಿನತ್ತ ತಳ್ಳಿ, ನಂತರ ಎರಡು ಬೆರಳನ್ನೂ ಕೂಡಿಸಿ, ಬಿಡಿ. ಚರ್ಮದ ಮೇಲೆ ಬೆರಳು ಜಾರಬಾರದು. ಪಂಪಿನಲ್ಲಿ ತೊಟ್ಟು ಕೂರುವ ಕೊಳವೆಯ ಅಗಲವನ್ನೂ ಅಳೆಯಿರಿ. ಪೆಟ್ಟಿಗೆಯಲ್ಲಿ ಬರುವ 24 ಮಿಲಿಮೀಟರಿನದು ಅನೇಕರಿಗೆ ದೊಡ್ಡದು. ತೊಟ್ಟಿನ ಬುಡದ ಅಗಲಕ್ಕಿಂತ 2ರಿಂದ 4 ಮಿಲಿಮೀಟರ್ ಹೆಚ್ಚಿದ್ದರೆ ಸಾಕು, ಕಪ್ಪು ಭಾಗವೆಲ್ಲ ಒಳಗೆ ಎಳೆದುಕೊಂಡರೆ ಊತ ಬರುತ್ತದೆ.

ಕೆಲಸಕ್ಕೆ ಹೋಗಲು ಫ್ರೀಜರ್ ತುಂಬ ಹಾಲು ಬೇಕಿಲ್ಲ. ನೀವು ಹೊರಗಿರುವ ಪ್ರತಿ ಗಂಟೆಗೆ 30ರಿಂದ 35 ಮಿಲಿ ಲೆಕ್ಕ ಹಾಕಿ. ಒಂಬತ್ತು ಗಂಟೆಗೆ 300 ಮಿಲಿಯ ಆಸುಪಾಸು. ಮೊದಲ ದಿನಕ್ಕೆ ಅಷ್ಟಿದ್ದರೆ ಸಾಕು, ಸೋಮವಾರ ಕಚೇರಿಯಲ್ಲಿ ತೆಗೆದದ್ದು ಮಂಗಳವಾರಕ್ಕೆ. ಈಗಾಗಲೇ ನಿಮ್ಮ ಬಳಿ ಇರುವುದೇ ಹೆಚ್ಚು. ಕಚೇರಿಯಲ್ಲಿ ಮೂರು ಗಂಟೆಗೊಮ್ಮೆ, 10ರಿಂದ 15 ನಿಮಿಷ ತೆಗೆದರೆ ಎದೆ ಕಟ್ಟುವುದಿಲ್ಲ. ಮಗುವಿಗೆ 15 ತಿಂಗಳಾಗುವವರೆಗೆ ಮಾಮೂಲಿ ವಿರಾಮದ ಜೊತೆಗೆ ದಿನಕ್ಕೆ ಎರಡು ಹಾಲೂಡಿಸುವ ವಿರಾಮ ಕೊಡಬೇಕೆಂದು ನಮ್ಮ ದೇಶದ ಹೆರಿಗೆ ಸೌಲಭ್ಯದ ಕಾನೂನೇ ಹೇಳುತ್ತದೆ. ಅದನ್ನು ಈಗಲೇ ಬರವಣಿಗೆಯಲ್ಲಿ ಕೇಳಿಡಿ. ತೆಗೆದ ಹಾಲು 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಯಲ್ಲಿ ನಾಲ್ಕು ಗಂಟೆ ಇರುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಗೆ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ತೆಗೆದ ಕೂಡಲೇ ಐಸ್ ಪ್ಯಾಕ್ ಇಟ್ಟ ಡಬ್ಬಿಗೆ ಹೋಗಬೇಕು. ಫ್ರಿಜ್ಜಿನ ಹಿಂಭಾಗದಲ್ಲಿ, ಬಾಗಿಲಿನ ಕಪಾಟಿನಲ್ಲಲ್ಲ, ನಾಲ್ಕು ದಿನ ಇಡಬಹುದು.